ಗೋಡೆಯ ಮೇಲಿರುವ ಆಕೆ ಯಾರು?

ನಿಮ್ಮ ಮನೆಯ ನಡುಮನೆಯ ಗೋಡೆಯನ್ನೊಮ್ಮೆ ತಲೆಯೆತ್ತಿ ನೋಡಿ. ದೇವರ ಪಟಗಳ ಸಾಲು ಮುಗಿದ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲೋ ಬಾಗಿಲ ಮೇಲೋ, ಕಟ್ಟು ಹಾಕಿಸಿದ ಒಂದು ಹಳೆಯ ಫೋಟೋ ಇದ್ದೇ ಇರುತ್ತದೆ. ಕರಿಕೋಟು ತೊಟ್ಟು ರುಮಾಲು ಸುತ್ತಿದ ಹಿರಿಯರೊಬ್ಬರು ಕುರ್ಚಿಯಲ್ಲಿ ಕುಳಿತಿರುತ್ತಾರೆ. ಕುರ್ಚಿಯ ತೋಳನ್ನು ಹಿಡಿದುಕೊಂಡು ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿರುತ್ತಾಳೆ. ಮನೆಗೆ ಬಂದವರು "ಇವರು ಯಾರ್ರೀ?" ಎಂದು ಕೇಳಿದರೆ ಕುಳಿತವರ ಹೆಸರು ಹೇಳುತ್ತೇವೆ, ಅವರು ಪಟೇಲರಾಗಿದ್ದರೋ ಮೇಷ್ಟರಾಗಿದ್ದರೋ ಹೇಳುತ್ತೇವೆ, ಎಷ್ಟು ಎಕರೆ ತೋಟ ಮಾಡಿಟ್ಟರು ಎಂಬುದನ್ನೂ ಬಿಡದೆ ಹೇಳುತ್ತೇವೆ. "ನಿಂತಿರೋರು?" ಎಂದರೆ "ಅವರ ಹೆಂಡತಿ." ಅಲ್ಲಿಗೆ ಮುಗಿಯಿತು.

ಆಕೆಗೂ ಒಂದು ಹೆಸರಿತ್ತಲ್ಲ ಸೋದರಿಯರೇ, ಅದೇನು?

ಎಷ್ಟೋ ಮನೆಗಳಲ್ಲಿ ವಂಶವೃಕ್ಷವನ್ನು ಬರೆಸಿಟ್ಟಿರುತ್ತಾರೆ. ಮರದ ಬುಡದಲ್ಲಿ ಮೂಲಪುರುಷ, ಕೊಂಬೆ ಕೊಂಬೆಗೂ ಅವನ ಗಂಡುಮಕ್ಕಳು, ಅವರ ಗಂಡುಮಕ್ಕಳು. ಅಷ್ಟು ದೊಡ್ಡ ಮರದಲ್ಲಿ ಹೆತ್ತವಳೊಬ್ಬಳೂ ಇಲ್ಲ! ನನ್ನ ತವರಿನ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ನಿಂತು ನಮ್ಮ ವಂಶದವರ ಹೆಸರನ್ನು ತಲೆತಲಾಂತರದಿಂದ ಶುರುಮಾಡಿ ಒಪ್ಪಿಸುತ್ತಿದ್ದರು. ಯಾವ ಊರಿನಿಂದ ಎದ್ದು ಬಂದವರು, ಎಲ್ಲಿ ನೆಲೆ ನಿಂತರು, ಅಣ್ಣತಮ್ಮಂದಿರು ಎಷ್ಟು ಜನ ಎಂಬುದೆಲ್ಲ ಅವರಿಗೆ ಬಾಯಿಪಾಠ. ನಮ್ಮಮ್ಮ ಮೊರದ ತುಂಬ ರಾಗಿ ಹಾಕಿ ಕಳಿಸುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಕೇಳಿದ್ದೂ ಗಂಡುಮಕ್ಕಳ ಸಾಲೇ. ಹೆಣ್ಣುಮಕ್ಕಳು ಕೊಟ್ಟ ಮನೆಗೆ ಹೋದವರು, ಸೊಸೆಯರು ಬೇರೆ ಮನೆಯಿಂದ ಬಂದವರು. ಹಾಗಾಗಿ ಎರಡೂ ಮನೆಯ ಲೆಕ್ಕದಿಂದ ಹೊರಗೆ. ಊರಿನಲ್ಲಿ ಸೊಸೆಯನ್ನು ಹೆಸರು ಹಿಡಿದು ಕರೆಯುವವರಾದರೂ ಯಾರಿದ್ದರು? "ಗುಬ್ಬಿಯವಳು", "ಶಿರಾದವಳು" ಎಂದು ತವರೂರಿನ ಮೇಲೆ ಕರೆದುಬಿಟ್ಟರೆ ಆಯಿತು.

ಹೀಗಿರುವಾಗ ಆಕೆ ಬದುಕಿದ್ದಳು ಎನ್ನುವುದಕ್ಕೆ ಉಳಿದ ಸಾಕ್ಷಿ ಒಂದೇ, ಫೋಟೋ. ಅದೂ ಸುಲಭವಾಗಿ ಆಗಿದ್ದಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಭಯ ಒಂದು ಕಡೆ. ಪೇಟೆಯ ಸ್ಟುಡಿಯೋಗೆ ಗಾಡಿ ಕಟ್ಟಿಕೊಂಡು ಹೋಗುವ ಖರ್ಚು ಇನ್ನೊಂದು ಕಡೆ. ಪರಗಂಡಸಿನ ಎದುರು ನಿಲ್ಲುವ ಸಂಕೋಚವಂತೂ ಹೇಳಲೇಬೇಡಿ. ಅರಮನೆಯ ಕಂಬಗಳನ್ನು ಬರೆದ ಪರದೆಯ ಮುಂದೆ, ಕಾಗದದ ಹೂವಿನ ಕುಂಡದ ಪಕ್ಕದಲ್ಲಿ, ರೆಪ್ಪೆ ಬಡಿಯದೆ ಆಕೆ ನಿಂತದ್ದು ಬದುಕಿನಲ್ಲಿ ಒಂದೇ ಸಲ ಇರಬಹುದು. ಕೆಲವರಿಗೆ ಅದೂ ಇಲ್ಲ. ಸತ್ತ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ತೆಗೆಸಿದ ಫೋಟೋಗೆ ಚಿತ್ರ ಬರೆಯುವವರಿಂದ ಕಣ್ಣು ತೆರೆಸಿ, ಕುಂಕುಮ ಇಡಿಸಿ, ಕಟ್ಟು ಹಾಕಿಸಿದ್ದನ್ನು ನಾನೇ ಎರಡು ಮನೆಗಳಲ್ಲಿ ನೋಡಿದ್ದೇನೆ.

ನಾವಿರುವುದು ಬೆಂಗಳೂರಿನ ಪೀಣ್ಯದ ಮಗ್ಗುಲಲ್ಲಿ. 1970ರ ದಶಕದಿಂದ ಇಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗದ ಕಡೆಯಿಂದ ಲೇತು, ಮಿಲ್ಲಿಂಗು, ಗಾರ್ಮೆಂಟ್ಸ್ ಕೆಲಸಕ್ಕೆಂದು ಬಂದ ಕುಟುಂಬಗಳೇ ಬೀದಿಯ ತುಂಬ. ಒಂದು ಕೋಣೆ, ಒಂದು ಅಡುಗೆಮನೆ. ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಾವಣೆ. ಟೆಂಪೋದಲ್ಲಿ ಗ್ಯಾಸ್ ಸಿಲಿಂಡರು, ಮಂಚ, ಟೀವಿ ಏರುತ್ತವೆ. ಕಟ್ಟು ಹಾಕಿದ ಫೋಟೋಗೆ ಗಾಜು ಒಡೆಯುವ ಭಯ, ಹೊಸ ಮನೆಯಲ್ಲಿ ಮೊಳೆ ಹೊಡೆಯಲು ಮಾಲೀಕರ ಅಪ್ಪಣೆ ಬೇಕು. "ಊರಲ್ಲೇ ಇರಲಿ ಬಿಡಿ" ಎನ್ನುತ್ತೇವೆ. ಊರಿನಲ್ಲಿ ಮಾಡು ಸೋರುತ್ತದೆ, ಗೆದ್ದಲು ಹತ್ತುತ್ತದೆ.

ಊರೇ ಇಲ್ಲಿರುವವರ ಕಥೆಯೂ ಹೆಚ್ಚು ಬೇರೆಯಲ್ಲ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ 332 ಎಕರೆಯಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಆ ಕಡೆ ವೈಟ್‌ಫೀಲ್ಡ್ ಇನ್ನೂ ಹಳೆಯದು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟಾಗ ಹುಟ್ಟಿದ ಊರು. ಸಂಘದ ಮುಖಂಡ ವೈಟ್ ಎಂಬುವರ ಹೆಸರನ್ನೇ ಊರಿಗೆ ಇಟ್ಟರು. ಆ ಕಾಲದ ಹೆಂಚಿನ ಬಂಗಲೆಗಳು ಈಗ ಬೆರಳೆಣಿಕೆಯಷ್ಟು. ಸುತ್ತಲಿನ ಹಳ್ಳಿಗಳಲ್ಲಿ ತೊಟ್ಟಿಮನೆ ಕೆಡವಿ ನಾಲ್ಕಂತಸ್ತಿನ ಬಾಡಿಗೆ ಮನೆ ಕಟ್ಟುವಾಗ ಜನ ಹಳೆಯ ತೊಲೆ, ಕಂಬ, ಹಿತ್ತಾಳೆಯ ಹಂಡೆಯನ್ನೆಲ್ಲ ಮಾರುತ್ತಾರೆ. ಗಾಜು ಒಡೆದ ದೇವರ ಪಟವನ್ನು ಕಸಕ್ಕೆ ಹಾಕಬಾರದೆಂದು ಅರಳಿಕಟ್ಟೆಯ ಮೇಲೆ ಇಡುತ್ತಾರಲ್ಲ, ಹಾಗೆಯೇ ಅಜ್ಜ ಅಜ್ಜಿಯರ ಫೋಟೋವನ್ನೂ ತಂದು ಇಟ್ಟು ಹೋಗುತ್ತಾರೆ. ನಮ್ಮ ಬಡಾವಣೆಯ ಕಟ್ಟೆಯ ಮೇಲೆ ಲಕ್ಷ್ಮೀ ಸರಸ್ವತಿಯರ ನಡುವೆ ಮೂಗುಬೊಟ್ಟಿನ ಒಬ್ಬ ಅಜ್ಜಿ ಎರಡು ಮಳೆಗಾಲ ನೆನೆಯುತ್ತ ಕುಳಿತಿದ್ದರು. ಯಾರ ಮನೆಯವರೋ!

ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಬೇಕು. ಹೋದ ವರ್ಷ ನಮ್ಮ ಯಜಮಾನರ ಸೋದರತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮಲ್ಲಿಗೆ ಬಂದರು. ನಮ್ಮ ಮಾವನವರ ಅಕ್ಕ, ವಯಸ್ಸು ಎಂಬತ್ತಾರು. ಆಪರೇಷನ್ ಆದಮೇಲೆ ಹದಿನೈದು ದಿನ ಒಲೆಯ ಮುಂದೆ ಹೋಗಬಾರದು, ಬಗ್ಗಬಾರದು. ಸುಮ್ಮನೆ ಕೂರುವ ಜೀವವಲ್ಲ ಅದು. ಹೊತ್ತು ಹೋಗಲಿ ಎಂದು ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿ, ಹಳೆಯ ಫೋಟೋಗಳನ್ನು ಒಂದೊಂದಾಗಿ ಅವರ ಕೈಗೆ ಕೊಡುತ್ತ ಹೋದೆ.

ಅದರಲ್ಲಿ ತಾತನ ಫೋಟೋ ಒಂದಿತ್ತು. ತಾತ ಕುರ್ಚಿಯಲ್ಲಿ, ಪಕ್ಕದಲ್ಲಿ ಎಳೆಯ ಹೆಂಗಸು, ಅವಳ ಕಂಕುಳಲ್ಲಿ ಒಂದು ಮಗು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ತಾತ, ಅಜ್ಜಿ ಮತ್ತು ಮಾವನವರು ಎಂದೇ ತಿಳಿದಿದ್ದರು. ನಮ್ಮ ಅತ್ತೆ ನನಗೆ ಹಾಗೇ ಹೇಳಿದ್ದರು, ಅವರಿಗೆ ಅವರ ಅತ್ತೆ ಏನೂ ಹೇಳಿರಲಿಲ್ಲ.

ಸೋದರತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಅವ್ವ ಅಲ್ಲ ಕಣವ್ವ," ಎಂದರು.

"ಮತ್ತೆ ಯಾರು ಅತ್ತೆ?"

"ನನ್ನ ಹೆತ್ತವಳು. ಕಂಕುಳಲ್ಲಿರೋಳು ನಾನು."

ನನಗೆ ಮಾತೇ ಹೊರಡಲಿಲ್ಲ. ವಿಷಯ ಹೀಗೆ: ತಾತನ ಮೊದಲ ಹೆಂಡತಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಆಗ ಸೋದರತ್ತೆಗೆ ಮೂರು ವರ್ಷ. ಮಗುವನ್ನು ನೋಡಿಕೊಳ್ಳಲಿ ಎಂದು ಆಕೆಯ ತಂಗಿಯನ್ನೇ ತಾತ ತಂದುಕೊಂಡರು. ಆ ತಂಗಿಯೇ ನಾವೆಲ್ಲ ಅಜ್ಜಿ ಎಂದು ತಿಳಿದಿರುವವರು, ನಮ್ಮ ಮಾವನವರ ತಾಯಿ. ಅಕ್ಕನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ದ್ವೇಷವೇನೂ ಇರಲಿಲ್ಲವಂತೆ, ಮಗುವಿಗೆ ತಬ್ಬಲಿಯೆಂಬ ಭಾವನೆ ಬರಬಾರದು ಎಂದು ಮೊದಲು ಸುಮ್ಮನಾದರು, ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು.

"ನಿಮಗೆ ಹೇಗೆ ಗೊತ್ತು ಅತ್ತೆ, ಮೂರು ವರ್ಷದ ಮಗು ನೀವು?" ಎಂದೆ. ಅವರು ಫೋಟೋದಲ್ಲಿ ಆಕೆಯ ಕಿವಿಯನ್ನು ಬೆರಳಿಟ್ಟು ತೋರಿಸಿದರು. ಮೇಲ್ಗಿವಿಯಲ್ಲಿ ಮೂರು ಮುತ್ತಿನ ಬುಗುಡಿ. ಅದು ಈಗಲೂ ಅವರ ಬಳಿಯೇ ಇದೆ, ಅವರ ತಾಯಿಯ ತಾಯಿ ಮದುವೆಯಲ್ಲಿ ಕೊಟ್ಟದ್ದು. ಇದೇ ಫೋಟೋದ ಇನ್ನೊಂದು ಪ್ರತಿ ಆ ಅಜ್ಜಿಯ ಮನೆಯಲ್ಲಿತ್ತಂತೆ. ಒಂದು ಮಳೆಗಾಲದಲ್ಲಿ ಗೋಡೆ ಬಿದ್ದಾಗ ಹೋಯಿತು. ಆಮೇಲೆ ಎಪ್ಪತ್ತು ವರ್ಷ ಅವರು ತಾಯಿಯ ಮುಖ ನೋಡಿರಲಿಲ್ಲ. ತಮ್ಮನ ಮನೆಯ ಟ್ರಂಕಿನಲ್ಲಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಇರುವುದು ಯಾರದೆಂದು ತಮ್ಮನ ಮನೆಯವರಿಗೆ ಗೊತ್ತಿರಲಿಲ್ಲ.

ಹೆಸರು ಕೇಳಿದೆ. ಹೇಳಿದರು. ಊರಮ್ಮನ ಹೆಸರೇ. ಆ ಕಾಲದಲ್ಲಿ ಮನೆಗೊಬ್ಬರಿಗೆ ಇದ್ದ ಹೆಸರು. ಒಂದು ಚೀಟಿಯಲ್ಲಿ ಬರೆದುಕೊಂಡು, ತವರೂರು ಕೇಳಿ ಅದನ್ನೂ ಬರೆದುಕೊಂಡೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡಿ ಎಡೆ ಇಡುತ್ತೇವೆ. ತಾತನಿಗೆ ಪಂಚೆ, ಅಜ್ಜಿಗೆ ಸೀರೆ, ಒಬ್ಬೊಬ್ಬರಿಗೆ ಇಷ್ಟವಾದ ತಿಂಡಿ. ಆ ವರ್ಷ ಎರಡು ಸೀರೆ ಇಟ್ಟೆವು. ಆಕೆಗೆ ಏನು ಇಷ್ಟವಿತ್ತು ಎಂದು ಫೋನು ಮಾಡಿ ಕೇಳಿದಾಗ ಸೋದರತ್ತೆ, "ಎಳ್ಳು ಚಿಗಳಿ ಅಂದ್ರೆ ಪ್ರಾಣ ಬಿಡೋಳು ಅಂತ ನಮ್ಮಜ್ಜಿ ಹೇಳೋರು" ಎಂದರು. ಎಳ್ಳು ಹುರಿದು ಬೆಲ್ಲ ಹಾಕಿ ಕುಟ್ಟಿ ಚಿಗಳಿ ಕಟ್ಟಿ ಇಟ್ಟೆ.

ನಮ್ಮ ಅದೃಷ್ಟ, ಪೊರೆ ಬೆಳೆದದ್ದಕ್ಕೆ ಅವರು ಬಂದರು. ಇಲ್ಲದಿದ್ದರೆ ಆ ಫೋಟೋ ನಮ್ಮ ಮಕ್ಕಳ ಕಾಲಕ್ಕೂ ತಪ್ಪು ಹೆಸರಿನಲ್ಲೇ ಹೋಗುತ್ತಿತ್ತು. ಬರೀ ಫೋಟೋ ಜೋಪಾನ ಮಾಡಿದರೆ ಸಾಲದು ಎನ್ನುವುದು ಇದಕ್ಕೇ. ನನ್ನ ಲೆಕ್ಕದಲ್ಲಿ ಹೆಸರಿಲ್ಲದ ಫೋಟೋ ಚೆನ್ನಾಗಿ ಉಳಿಯುವುದಕ್ಕಿಂತ ಹೆಸರಿರುವ ಫೋಟೋ ಮಾಸಿದರೂ ಮೇಲು.

ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲೇ ಬೇಗೂರು ಇದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ಬರುವ ಹಳೆಯ ಬರಹ ಎಂದು ಅದಕ್ಕೆ ಹೆಸರು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬುವನ ಮಗ ಬುಟ್ಟನಸೆಟ್ಟಿ ಸತ್ತ ಎಂದು ಕಲ್ಲಿನಲ್ಲಿ ಕೆತ್ತಿದ್ದರಿಂದ, ಸಾವಿರದ ನೂರು ವರ್ಷದ ಮೇಲೂ ಅವನ ಹೆಸರು ನಮಗೆ ಗೊತ್ತು. ನಮ್ಮೂರ ಕೆರೆ ಏರಿಯ ಮೇಲೆ ಬರಹವಿಲ್ಲದ ವೀರಗಲ್ಲು ಇದೆ. ಕತ್ತಿ ಹಿಡಿದವನು ಯಾರೆಂದು ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ.

ಹೆಸರು ಬರೆಯುವುದು ಹೇಗೆಂದು ಶಾಲೆಗಳಿಗೂ ಕಾರ್ಖಾನೆಗಳಿಗೂ ಮೊದಲಿನಿಂದ ಗೊತ್ತು. ನಮ್ಮ ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಶುರುವಾಯಿತು, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಜೊತೆ ಸೇರಿ ಕೈಗಡಿಯಾರದ ಕಾರ್ಖಾನೆ ಬಂತು. ನಮ್ಮ ಬೀದಿಯ ಒಬ್ಬ ಅಜ್ಜಿ ಅಲ್ಲಿ ಗಡಿಯಾರ ಜೋಡಿಸುವ ವಿಭಾಗದಲ್ಲಿದ್ದವರು. ಅವರ ಮನೆಯಲ್ಲಿ ಒಂದು ಗ್ರೂಪ್ ಫೋಟೋ ಇದೆ. ಕೆಳಗೆ ರಟ್ಟಿನ ಮೇಲೆ ಅಚ್ಚುಕಟ್ಟಾಗಿ, ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ ಎಂದು ಎಲ್ಲರ ಹೆಸರು, ಕೆಳಗೆ ಇಸವಿ. ಕೈಗಡಿಯಾರದ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು, ಆದರೆ ಆ ಸಾಲಿನಲ್ಲಿ ಎರಡನೆಯವರಾಗಿ ನಿಂತ ಹುಡುಗಿ ಯಾರೆಂದು ಇವತ್ತಿಗೂ ಓದಬಹುದು. ಕಾರ್ಖಾನೆ ಮಾಡಿದ ಕೆಲಸವನ್ನು ನಾವು ಮನೆಯಲ್ಲಿ ಯಾಕೆ ಮಾಡಬಾರದು? ಅಂದ ಹಾಗೆ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ.ಯದೇ ವಸ್ತುಸಂಗ್ರಹಾಲಯವೂ ಇದೆ. ಬೆಂಗಳೂರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ.

ಯಾವ ಇಸವಿಯ ಫೋಟೋ ಎಂದು ತಿಳಿಯುವುದು ಹೇಗೆ? ಇದೊಂದು ಸ್ವಾರಸ್ಯದ ಕೆಲಸ, ಪತ್ತೇದಾರಿಕೆಯಂತೆ. ಮೊದಲು ಫೋಟೋವನ್ನು ತಿರುಗಿಸಿ. ಸ್ಟುಡಿಯೋದ ರಬ್ಬರ್ ಮುದ್ರೆ ಇರುತ್ತದೆ. ವಿಳಾಸದಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರಿಗಿಂತ ಹಿಂದಿನ ಮುದ್ರೆ, ಯಾಕೆಂದರೆ ಆಮೇಲೆ ಕರ್ನಾಟಕವಾಯಿತು. ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟಿನ ಈಚೆಗಿನದು. ಯಾರಾದರೂ ಹಿಂದೆ ಬೆಲೆ ಬರೆದಿಟ್ಟು ಅದು ಆಣೆ ಲೆಕ್ಕದಲ್ಲಿದ್ದರೆ ಬಹುಶಃ 1957ರ ಹಿಂದಿನದು, ಆ ವರ್ಷ ನಯಾಪೈಸೆ ಬಂತು. ಇನ್ನು ಗಂಡಸರು ಕುಳಿತ ಭಂಗಿ ನೋಡಿ. ಎಡಗೈಯನ್ನು ತೊಡೆಯ ಮೇಲೆ ಹೇಗಿಟ್ಟಿದ್ದಾರೆ? ಗಡಿಯಾರ ಕಾಣುವ ಹಾಗೆ! ಅದು ಎಚ್.ಎಂ.ಟಿ. ಎಂದು ಮನೆಯವರಿಗೆ ನೆನಪಿದ್ದರೆ, ಮುಖಪುಟದ ಬರಹ ಭೂತಗನ್ನಡಿಯಲ್ಲಿ ಕಂಡರೆ, ಫೋಟೋ 1961ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಮದುವೆಯ ಫೋಟೋದಲ್ಲಿ ಉಡುಗೊರೆಯ ರೇಡಿಯೋ, ಸೈಕಲ್ಲು ಇದ್ದರೆ ಅದನ್ನೂ ಗಮನಿಸಿ.

ಹೆಂಗಸರ ವಿಷಯಕ್ಕೆ ಬಂದರೆ ಗುರುತು ಹಿಡಿಯಲು ಒಡವೆಯೇ ದಾರಿ. ಮುಖ ಮಾಸಿದರೂ ಡಾಬು, ಕಾಸಿನಸರ, ಬುಗುಡಿ, ತೋಳಬಂದಿ ಕಾಣುತ್ತವೆ. ಆ ಒಡವೆ ಯಾರ ಪಾಲಿಗೆ ಹೋಯಿತು, ಯಾವ ಮಗಳ ಮದುವೆಗೆ ಕರಗಿಸಿದರು ಎಂಬುದು ಹಳಬರಿಗೆ ಚೆನ್ನಾಗಿ ನೆನಪಿರುತ್ತದೆ. ಹೆಸರು ಮರೆತರೂ ಬಂಗಾರ ಮರೆಯುವುದಿಲ್ಲ ನೋಡಿ!

ಕೇಳುವಾಗ "ನಿಮ್ಮ ಕಾಲದ ವಿಷಯ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಅಯ್ಯೋ ನಂದೇನು ಮಹಾ" ಎಂದು ಎದ್ದು ಹೋಗುತ್ತಾರೆ. ಕೈಗೆ ಫೋಟೋ ಕೊಡಿ, ಅವರೇ ಶುರುಮಾಡುತ್ತಾರೆ. ಮಧ್ಯಾಹ್ನದ ಊಟ ಮುಗಿದು ಎಲೆಅಡಿಕೆ ಹಾಕಿಕೊಳ್ಳುವ ಹೊತ್ತು ಒಳ್ಳೆಯದು. ಒಂದು ದಿನಕ್ಕೆ ನಾಲ್ಕೈದು ಫೋಟೋ ಸಾಕು. ನಿಮ್ಮ ಫೋನಿನಲ್ಲಿ ಮಾತು ಹಿಡಿದಿಡುವ ಸೌಕರ್ಯ ಇದ್ದೇ ಇದೆ, ಒಪ್ಪಿಗೆ ಕೇಳಿ ಅದನ್ನು ಒತ್ತಿ ಪಕ್ಕಕ್ಕಿಡಿ. ಇಬ್ಬರು ಹಳಬರು ಸೇರಿದರೆ ಇನ್ನೂ ಉತ್ತಮ. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ಬಿಡುವುದಿಲ್ಲ. ನಡುವೆ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಬಾಣಂತಿಯಾಗಿ ಸತ್ತವರು, ಬಾವಿಗೆ ಬಿದ್ದವರು, ಮನೆ ಬಿಟ್ಟು ಹೋದವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಎಲ್ಲವನ್ನೂ ಊರಿಗೆ ಸಾರಬೇಕಿಲ್ಲ. ಆದರೆ ಹೆಸರನ್ನಾದರೂ ಬರೆದಿಡಿ.

ಬರೆಯುವುದು ಎಲ್ಲಿ? ಫೋಟೋದ ಮುಖದ ಮೇಲೆ ಖಂಡಿತ ಬೇಡ. ಹಳೆಯ ದಪ್ಪ ಕಾಗದದ ಫೋಟೋವಾದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ. ಬಾಲ್ ಪೆನ್ನು ಒತ್ತಿದ ಗೆರೆ ಮುಂದೆ ಮೂಡುತ್ತದೆ, ಶಾಯಿ ಹರಡುತ್ತದೆ. ಈಚಿನ ನುಣುಪು ಪ್ಲಾಸ್ಟಿಕ್ಕಿನಂಥ ಕಾಗದದ ಮೇಲೆ ಪೆನ್ಸಿಲು ಹತ್ತುವುದಿಲ್ಲ. ಅದನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಹಾಕುವ ಮೊದಲೇ ಲಕೋಟೆಯ ಮೇಲೆ ಬರೆದುಬಿಡಿ. ಹೆಸರಿನ ಜೊತೆ ತವರೂರು, ಕೊಟ್ಟ ಊರು, ಹೇಳಿದವರು ಯಾರು, ಹೇಳಿದ ದಿನ ಇಷ್ಟಿರಲಿ. "ಅಜ್ಜಿ" ಎಂದು ಬರೆಯಬೇಡಿ. ಯಾರ ಅಜ್ಜಿ ಎಂದು ಮುಂದಿನವರಿಗೆ ತಿಳಿಯಬೇಡವೇ?

ಇನ್ನು ಜೋಪಾನದ ಮಾತು. ಕಪ್ಪುಬಿಳುಪು ಫೋಟೋದಲ್ಲಿರುವುದು ಬೆಳ್ಳಿಯ ಕಣಗಳು, ಅವನ್ನು ಕಾಗದಕ್ಕೆ ಹಿಡಿದಿಟ್ಟಿರುವುದು ಜೆಲಾಟಿನ್ ಎಂಬ ಅಂಟು. ಅದನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುತ್ತಾರೆ. ದೇವರ ಕೋಣೆಯಲ್ಲಿ ಹಿರಿಯರ ಫೋಟೋ ಇಟ್ಟವರು ಬೇಸರ ಮಾಡಿಕೊಳ್ಳಬೇಡಿ! ಈ ಅಂಟು ತೇವ ಕಂಡರೆ ಉಬ್ಬಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಹುಳುವಿಗೂ ರುಚಿ. ಕಟ್ಟಿನ ಗಾಜಿಗೆ ಫೋಟೋ ಅಂಟಿಕೊಳ್ಳುವುದು ಇದರಿಂದಲೇ. ಹಾಗೆ ಅಂಟಿದ್ದನ್ನು ಕೀಳಲು ಹೋಗಬೇಡಿ, ಮುಖವೇ ಗಾಜಿನ ಜೊತೆ ಬರುತ್ತದೆ. ಗಾಜಿನ ಮೇಲಿನಿಂದಲೇ ಪ್ರತಿ ತೆಗೆಸಿ. ಹೊಸದಾಗಿ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಕೊಡಿಸಿ, ಸ್ವಲ್ಪ ಸಂದು ಇರಲಿ.

ಬಣ್ಣದ ಫೋಟೋ ಹೊಸದು, ಅದಕ್ಕೇನಾಗುತ್ತದೆ ಎಂದುಕೊಳ್ಳುತ್ತೇವೆ. ನಿಜ ಇದಕ್ಕೆ ತಿರುಗುಮುರುಗು. ಬೆಳ್ಳಿಯ ಫೋಟೋ ನೂರು ವರ್ಷ ತಾಳುತ್ತದೆ. 1970, 80ರ ದಶಕದ ಬಣ್ಣದ ಫೋಟೋ ಕತ್ತಲಲ್ಲಿಟ್ಟರೂ ತಾನಾಗಿ ಕೆಂಪಗೆ ತಿರುಗುತ್ತದೆ. ಆದ್ದರಿಂದ ಮೊದಲು ಪ್ರತಿ ತೆಗೆಸಬೇಕಾದ್ದು ಅಜ್ಜಿಯ ಫೋಟೋ ಅಲ್ಲ, ನಿಮ್ಮಮ್ಮನ ಮದುವೆಯ ಆಲ್ಬಮ್ಮು. ಅದರಲ್ಲೂ ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಮ್ಮು ಇದೆಯಲ್ಲ, ಅದು ಬಲು ಕೆಟ್ಟದ್ದು. ಅದರ ಅಂಟು ವರ್ಷ ಕಳೆದಂತೆ ಫೋಟೋವನ್ನು ಬಿಡುವುದೇ ಇಲ್ಲ. ಸಲೀಸಾಗಿ ಬರುವುದನ್ನು ಮಾತ್ರ ಬಿಡಿಸಿ, ಬಾರದ್ದನ್ನು ಹಾಗೇ ಪ್ರತಿ ತೆಗೆಯಿರಿ.

ಲ್ಯಾಮಿನೇಷನ್ ಮಾಡಿಸಲೇಬೇಡಿ. ಬಿಸಿಗೂ ಅಂಟಿಗೂ ಸಿಕ್ಕ ಫೋಟೋವನ್ನು ಮತ್ತೆ ಬಿಡಿಸಲು ಯಾರಿಂದಲೂ ಆಗದು. ಹರಿದದ್ದಕ್ಕೆ ಸೆಲ್ಲೋಟೇಪು, ಮೈದಾ ಅಂಟು ಎರಡೂ ಬೇಡ. ಹಾರ ಹಾಕುವವರು ಒದ್ದೆ ಹೂವು ಕಟ್ಟಿನ ಒಳಗೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಗಂಧ, ಕುಂಕುಮವನ್ನು ಗಾಜಿನ ಮೇಲಷ್ಟೇ ಇಡಿ, ಕಟ್ಟಿಲ್ಲದ ಫೋಟೋಗೆ ಇಡಬೇಡಿ. ಒರೆಸುವಾಗ ನೀರನ್ನು ಗಾಜಿನ ಮೇಲೆ ಸುರಿಯದೆ ಬಟ್ಟೆಗೆ ಹಚ್ಚಿಕೊಳ್ಳಿ. ಟ್ರಂಕಿನಲ್ಲಿ ಇಡುವುದಾದರೆ ನೆಲಕ್ಕೆ ತಾಗದಂತೆ ಎತ್ತರದಲ್ಲಿರಲಿ. ನುಸಿಗುಳಿಗೆ ಬೇಡ. ಸುತ್ತಲು ದಿನಪತ್ರಿಕೆಯ ಬದಲು ಬಿಳಿಯ ಹಾಳೆಯೋ ಒಗೆದ ಹಳೆಯ ಹತ್ತಿಬಟ್ಟೆಯೋ ಇರಲಿ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರ, ಬೆಳ್ಳಂದೂರಿನ ಕಡೆ ಕೆರೆಗಳು ಉಕ್ಕಿ ಮನೆಗಳಿಗೆ ನೀರು ನುಗ್ಗಿದ್ದು, ಜನರನ್ನು ಟ್ರಾಕ್ಟರು ದೋಣಿಗಳಲ್ಲಿ ಸಾಗಿಸಿದ್ದು ನಿಮಗೆ ನೆನಪಿರಬಹುದು. ನನ್ನ ಚಿಕ್ಕಮ್ಮನ ಮಗಳು ಆ ಕಡೆ ನೆಲಮಾಳಿಗೆಗೆ ಹೊಂದಿದ ಮನೆಯಲ್ಲಿದ್ದಳು. ಫ್ರಿಜ್ಜು, ಸೋಫಾ ಹೋದದ್ದಕ್ಕೆ ಅವಳು ಅಷ್ಟು ಅಳಲಿಲ್ಲ. ಕಂತಿನಲ್ಲಿ ಮತ್ತೆ ಬಂದವು. ತೀರಿಹೋದ ತಂದೆಯ ಫೋಟೋಗಳು ಕೆಸರಿನಲ್ಲಿ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು.

2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾಗಿ ಸುನಾಮಿ ಬಂದಾಗ, ಕೆಸರು ತೆಗೆಯುವವರು ಮನೆ ಮನೆಯ ಫೋಟೋಗಳನ್ನು ಆಯ್ದು ರಾಶಿ ಹಾಕಿದರು. ಸ್ವಯಂಸೇವಕರು ಬೇಸಿನ್ನುಗಳಲ್ಲಿ ನೀರಿಟ್ಟುಕೊಂಡು ಒಂದೊಂದನ್ನೇ ತೊಳೆದು, ಬಟ್ಟೆ ಕ್ಲಿಪ್ಪು ಹಾಕಿ ದಾರಕ್ಕೆ ತೂಗಿಬಿಟ್ಟರು. ಮನೆ ಮಠ ಕಳೆದುಕೊಂಡವರು ಬಂದು ಸಾಲು ಸಾಲಾಗಿ ಹುಡುಕಿ ತಮ್ಮವರನ್ನು ಒಯ್ದರು. ಅವರು ಅನುಸರಿಸಿದ ಕ್ರಮ ನಮಗೂ ಸಾಧ್ಯ. ನೆನೆದ ಫೋಟೋಗಳನ್ನು ಒಣಗಲು ಬಿಟ್ಟರೆ ಶಾಶ್ವತವಾಗಿ ಅಂಟುತ್ತವೆ. ಒದ್ದೆಯಿರುವಾಗಲೇ ಶುದ್ಧವಾದ ತಣ್ಣೀರಿನಲ್ಲಿಟ್ಟು ಮೆಲ್ಲಗೆ ಬಿಡಿಸಬೇಕು. ಚಿತ್ರದ ಮೇಲೆ ಬೆರಳಾಡಿಸಬಾರದು, ಉಜ್ಜಬಾರದು. ನೀರು ಬದಲಿಸಿ ಅಲುಗಿಸಿ, ಮುಖ ಮೇಲಾಗಿ ನೆರಳಿನಲ್ಲಿ ಒಣಗಿಸಬೇಕು. ಹಪ್ಪಳದಂತೆ ತಾರಸಿಯ ಬಿಸಿಲಿಗೆ ಹಾಕಿದರೆ ಸುರುಳಿ ಸುತ್ತುತ್ತದೆ. ಒಂದೆರಡು ದಿನದೊಳಗೆ ಮಾಡಲಾಗದಿದ್ದರೆ ನಡುವೆ ಬೆಣ್ಣೆ ಕಾಗದವಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಬಿಡುವಾದಾಗ ತೆಗೆಯಬಹುದು. ಕೈಯಿಂದ ಬಣ್ಣ ಹಚ್ಚಿದ ಫೋಟೋವನ್ನೂ, ಕಂಪ್ಯೂಟರ್ ಪ್ರಿಂಟರಿ‍ನಲ್ಲಿ ತೆಗೆದದ್ದನ್ನೂ ನೀರಿಗೆ ಹಾಕಬೇಡಿ. ನನ್ನ ತಂಗಿಗೆ ಹೀಗೆ ಮಾಡಿ ಮೂವತ್ತರಲ್ಲಿ ಹನ್ನೊಂದು ಫೋಟೋ ಸಿಕ್ಕವು.

ಪ್ರತಿ ತೆಗೆಯಲು ಸ್ಟುಡಿಯೋಗೇ ಹೋಗಬೇಕೆಂದಿಲ್ಲ. ಫೋಟೋವನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಮಟ್ಟಸವಾಗಿಟ್ಟು, ಫ್ಲಾಷ್ ಹಾಕದೆ, ಫೋನನ್ನು ಸಮನಾಗಿ ಹಿಡಿದು ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ, ಮುದ್ರೆ ಬರಹ ಅಲ್ಲಿದೆಯಲ್ಲ. ಮುಖ್ಯವಾದದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, "600 ಡಿ.ಪಿ.ಐ. ಇರಲಿ" ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಕಳಿಸುವಾಗ ಎದುರಿಗೇ ಕುಳಿತಿರಿ, ಮೂಲ ಫೋಟೋವನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಕುಗ್ಗುವುದಿಲ್ಲ. ಫೋನು ಕಳೆದರೆ ಎಲ್ಲವೂ ಹೋಯಿತು, ಆದ್ದರಿಂದ ಇನ್ನೊಂದು ಊರಿನಲ್ಲಿರುವ ಅಣ್ಣನದೋ ಮಗಳದೋ ಬಳಿ ಒಂದು ಪ್ರತಿ ಇರಲಿ.

ಇದು ಬರೀ ನಮ್ಮ ನಿಮ್ಮ ಮನೆಯ ಹುಚ್ಚೆಂದು ತಿಳಿಯಬೇಡಿ. ಮುಂಬೈಯ ಅನುಷಾ ಯಾದವ್ ಎಂಬುವರು 2010ರಿಂದ ದೇಶದ ಮನೆ ಮನೆಯ ಹಳೆಯ ಫೋಟೋಗಳನ್ನು ಅವುಗಳ ಕಥೆಯೊಂದಿಗೆ ಸೇರಿಸುತ್ತ ಬಂದರು, ಅದಕ್ಕೆ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಎಂದು ಹೆಸರು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಕುಟುಂಬದ ಫೋಟೋಗಳನ್ನು ಪ್ರತಿ ತೆಗೆದಿಟ್ಟಿದ್ದಾರೆ. ನಿಮ್ಮೂರಿನಲ್ಲಿ ಹಳೆಯ ಸ್ಟುಡಿಯೋ ಮುಚ್ಚುತ್ತಿದ್ದರೆ ಮಾಲೀಕರನ್ನು ಒಮ್ಮೆ ಕೇಳಿ, ನೆಗೆಟಿವ್‌ಗಳನ್ನು ಪುಸ್ತಕದ ಲೆಕ್ಕದಲ್ಲಿ ಜೋಡಿಸಿಟ್ಟಿರುತ್ತಾರೆ. ವಿನಿಗರ್‌ನ ಹುಳಿ ವಾಸನೆ ಬರುತ್ತಿದ್ದರೆ ಅವು ಕೆಡುತ್ತಿವೆ ಎಂದರ್ಥ, ತಡಮಾಡಬೇಡಿ.

ನಮ್ಮ ಟ್ರಂಕಿನಲ್ಲಿ ಸೋದರತ್ತೆಗೂ ಗುರುತು ಸಿಗದ ಫೋಟೋ ಇನ್ನೊಂದಿದೆ. ಇಬ್ಬರು ಹುಡುಗಿಯರು, ಒಂದೇ ತರಹದ ಪುಗ್ಗದ ತೋಳಿನ ರವಿಕೆ, ಒಬ್ಬಳ ಕೈಯಲ್ಲಿ ಸ್ಲೇಟು. ಹಿಂದೆ ತಿಪಟೂರಿನ ಸ್ಟುಡಿಯೋದ ಮುದ್ರೆ, ಮೈಸೂರು ರಾಜ್ಯ ಎಂದಿದೆ. ತಿಪಟೂರಿನಲ್ಲಿ ನಮ್ಮ ಅಜ್ಜಿಯ ಕಡೆಯ ಒಬ್ಬ ಮುದುಕಿ ಇನ್ನೂ ಗಟ್ಟಿಯಾಗಿದ್ದಾರಂತೆ. ಬರುವ ತಿಂಗಳು ಒಂದು ಮದುವೆಗೆ ಆ ಕಡೆ ಹೋಗುವುದಿದೆ. ಪ್ರತಿ ತೆಗೆಸಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.